ಕಾಗದವಿಲ್ಲದ 'ಪಡುಗಾಳಿ'

ಕುಮಟೆಯ ರಮಾನಂದರಿಗೆ ಜಗತ್ತಿನ ಮೇಲೆ ಹಲವು ದೂರುಗಳಿದ್ದರೂ ಕಾಗದದ ಬೆಲೆಯ ಮೇಲಿದ್ದಷ್ಟು ಸಿಟ್ಟು ಬೇರೆ ಯಾವುದರ ಮೇಲೂ ಇರಲಿಲ್ಲ. ಅವರು 'ಪಡುಗಾಳಿ' ಎಂಬ ವಾರಪತ್ರಿಕೆಯ ಸಂಪಾದಕರು, ಪ್ರಕಾಶಕರು, ವರದಿಗಾರರು ಮತ್ತು ಕರಡು ತಿದ್ದುವವರು. (ಮಡಚಿ, ವಿಳಾಸದ ಚೀಟಿ ಅಂಟಿಸಿ ಅಂಚೆಗೆ ಹಾಕುವ ಇಲಾಖೆ ಮಾತ್ರ ಹೆಂಡತಿ ಪರಮೇಶ್ವರಿಯದು. ಆ ಇಲಾಖೆಗೆ ಸಂಬಳವೂ ಇರಲಿಲ್ಲ, ರಜೆಯೂ ಇರಲಿಲ್ಲ.) ಕಾಗದದ ಬೆಲೆ ಏರಿದಂತೆಲ್ಲ ಪುಟಗಳು ಇಳಿಯುತ್ತ ಬಂದು, ಎರಡು ಸಾವಿರದ ಒಂಬತ್ತರ ಮಳೆಗಾಲ ಕಳೆಯುವಷ್ಟರಲ್ಲಿ ನಾಲ್ಕಕ್ಕೆ ನಿಂತಿದ್ದವು. ಇನ್ನೂ ಇಳಿದರೆ ಪತ್ರಿಕೆಯನ್ನೇ ಮುಚ್ಚಬೇಕಾಗುತ್ತದೆ ಎಂಬ ಚಿಂತೆಯಲ್ಲಿ ಅವರಿಗೆ ಊಟ ರುಚಿಸುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಮುಂಬಯಿಯಿಂದ ಬಂದ ಪರಮೇಶ್ವರಿಯ ತಮ್ಮ ಮೋಹನ, ಭಾವನಿಗೆ ಒಂದು ಓದುವ ಯಂತ್ರ ತಂದುಕೊಟ್ಟ. ನೋಡಲು ಮಕ್ಕಳ ಸ್ಲೇಟಿನಷ್ಟಿತ್ತು. ಪತ್ರಿಕೆಯ ಪುಟ ಜೋಡಿಸುವ ಡಿಟಿಪಿ ಅಂಗಡಿಯ ಕಂಪ್ಯೂಟರಿಗೆ ವಯರು ಸಿಕ್ಕಿಸಿ ಹಿಂದಿನ ವಾರದ 'ಪಡುಗಾಳಿ'ಯನ್ನು ಅದರೊಳಗೆ ಇಳಿಸಿ ತೋರಿಸಿದ. ತಮ್ಮ ಸಂಪಾದಕೀಯ ಆ ಬೂದು ಪರದೆಯ ಮೇಲೆ ಮೂಡಿದ್ದನ್ನು ನೋಡಿ ರಮಾನಂದರ ಕಣ್ಣು ತುಂಬಿತು.

"ಕಾಗದ ಇಲ್ಲ, ಮಸಿ ಇಲ್ಲ, ಅಂಚೆ ಇಲ್ಲ. ಇನ್ನು ಚಂದಾ ಅರ್ಧಕ್ಕೆ ಇಳಿಸೂದೇ," ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದರು. "ನಿಂಗೂ ಮಡಚೂ ಕೆಲಸ ತಪ್ತು."

"ಈ ಯಂತ್ರ ಕುಮಟೇಲಿ ಯಾರ್‍ಯಾರ ಮನೇಲಿ ಅದೆ?" ಎಂದಳು ಪರಮೇಶ್ವರಿ, ಒಗ್ಗರಣೆಯಿಂದ ಕಣ್ಣು ತೆಗೆಯದೆ.

"ನಮ್ಮನೇಲಿ ಅದೆ."

"ಮತ್ತೆ?"

"ಮೊಬೈಲು ಮೊದಲು ಎಷ್ಟು ಜನರತ್ರ ಇತ್ತು ಹೇಳು. ಈಗ ಮೀನು ಮಾರೋರ ಬುಟ್ಟೀಲೂ ಅದೆ. ಇದೂ ಹಂಗೇ ಬರ್ತದೆ."

"ಬರೂ ವರೆಗೆ ಓದೋರು ಎಂತ ಮಾಡೂದು?"

ಈ ಪ್ರಶ್ನೆ ರಮಾನಂದರಿಗೆ ಹೊಳೆದಿರಲಿಲ್ಲ. ಆದರೆ ಸಂಪಾದಕರಾದವರು ಉತ್ತರ ಗೊತ್ತಿಲ್ಲವೆಂದು ಹೆಂಡತಿಯ ಮುಂದೆ ಒಪ್ಪುವುದುಂಟೇ? "ನಮ್ಮ ಜಗುಲಿಗೇ ಬಂದು ಓದ್ಲಿ," ಎಂದುಬಿಟ್ಟರು. ಮುಂದಿನ ವಾರದಿಂದ 'ಪಡುಗಾಳಿ' ಕಾಗದದ ಹಂಗು ತೊರೆದು ವಿದ್ಯುನ್ಮಾನ ಅವತಾರ ತಾಳಲಿದೆ, ಓದುಗ ಮಹಾಶಯರು ಸಂಪಾದಕರ ನಿವಾಸಕ್ಕೆ ಬಿಜಯಂಗೈಯಬೇಕು ಎಂದು ಆ ವಾರವೇ ಅಚ್ಚಾಯಿತು.

ಶುಕ್ರವಾರ ಮೊದಲು ಬಂದವನು ಹೊಳನಗದ್ದೆಯ ಜಟ್ಟಿ. ಅವನ ಈರುಳ್ಳಿ ಬೆಳೆಯ ಸುದ್ದಿ ಆ ವಾರ ಬಂದಿತ್ತು. ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ತುಸು ಹೊತ್ತು ಸುಮ್ಮನೆ ಕಾದ.

"ಇದೇ ಓದ್ತದೋ, ನಾವೇ ಓದ್ಬೇಕೋ?"

ನಾವೇ ಓದಬೇಕೆಂದು ತಿಳಿದು ಅವನಿಗೆ ನಿರಾಸೆಯಾದದ್ದು ನಿಜ. ಅಷ್ಟರಲ್ಲಿ ಒಳಗಿನಿಂದ ಪರಮೇಶ್ವರಿ ಬಂದು, "ಆಸರಿಗೆ ಎಂತ ಕೊಡ್ಲಿ?" ಎಂದಳು. ಜಗುಲಿ ಹತ್ತಿದವರು ಏನೂ ಕುಡಿಯದೆ ಇಳಿದುಹೋದದ್ದು ಅವಳ ಸಂಸಾರದಲ್ಲಿ ಇಲ್ಲವೇ ಇಲ್ಲ. ಚಾ ಬಂತು. ಚಾದ ಹಿಂದೆ ಕಾಯಿತುರಿ ಹಾಕಿದ ಅವಲಕ್ಕಿ ಬಂತು. ಯಂತ್ರ ಒಂದೇ ಆದ್ದರಿಂದ ಉಳಿದವರು ಸರದಿಗಾಗಿ ಕಾದರು, ಕಾದವರನ್ನು ಒಂದೇ ಚಾಕ್ಕೆ ಬಿಡಲಾದೀತೇ? ಮರುವಾರ ಕತಗಾಲದ ಕಡೆಯವರೂ ಪೇಟೆ ಕೆಲಸ ಮುಗಿಸಿ ಬಸ್ಸು ಬರುವವರೆಗೆ ನಾಡಿನ ಆಗುಹೋಗು ತಿಳಿಯಲೆಂದು ಇಲ್ಲೇ ಬಂದು ಕೂತರು.

"ನೋಡಿದ್ಯಾ, ಓದುಗರು ಎಷ್ಟು ಹೆಚ್ಚಾದ್ರು," ಎಂದು ರಮಾನಂದರು ಹಿಗ್ಗಿದರು.

"ನೋಡ್ದೆ. ಕಾಗದದ ಮೇಲಾದ್ರೆ ಒಬ್ಬ ಓದೂಕೆ ಎರಡು ರೂಪಾಯಿ ಸಾಕಿತ್ತು. ಈಗ ಹಾಲು, ಸಕ್ಕರೆ, ಅವಲಕ್ಕಿ, ತೆಂಗಿನಕಾಯಿ. ಇದು ಅಗ್ಗದ ಪತ್ರಿಕೆಯಾ?"

"ಚಾ ಕೊಡೂದು ಬಿಡು ಮತ್ತೆ."

ಪರಮೇಶ್ವರಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮನೆಗೆ ಬಂದವರನ್ನ ಒಣಬಾಯಲ್ಲಿ ಕಳಿಸೂದಾ? ನಿಮ್ಮ ಪತ್ರಿಕೆ ಉಳಿಸೂಕೆ ನನ್ನ ಮರ್ಯಾದೆ ತೆಗಿಬೇಡಿ."

ಮುಂದಿನ ಬುಧವಾರ ಅವಳು, "ಅಮ್ಮಂಗೆ ಕಾಲುನೋವಂತೆ," ಎಂದು ಚೀಲ ಹಿಡಿದು ಹೊನ್ನಾವರದ ತವರಿಗೆ ಹೊರಟೇಬಿಟ್ಟಳು.

ಶುಕ್ರವಾರ ರಮಾನಂದರು ಇಸ್ತ್ರಿ ಅಂಗಿ ತೊಟ್ಟು, ಯಂತ್ರ ಒರೆಸಿಟ್ಟು ಕಾದರು. ಜಟ್ಟಿ ಬಂದ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಒಳಗೆ ಇಣುಕಿದ.

"ಅಮ್ಮ ಇಲ್ವಾ?"

"ಹೊನ್ನಾವರಕ್ಕೆ ಹೋಗಿದ್ದಾಳೆ. ಬಾ, ಓದು."

"ಇರ್ಲಿ, ಅವರು ಬಂದ್ಮೇಲೇ ಓದ್ತೆ. ಸುದ್ದಿ ಎಲ್ಲಿ ಓಡಿಹೋಗ್ತದೆ," ಎಂದ ಜಟ್ಟಿ. ಹೊರಟವನು ತಿರುಗಿ ಅಕ್ಕರೆಯಿಂದ ಕೇಳಿದ, "ನೀವಾದ್ರೂ ಚಾ ಕುಡಿದ್ರಾ?"

ಕುಡಿದಿರಲಿಲ್ಲ. ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಅವರಿಗೆ ಗೊತ್ತಿದ್ದರೆ ತಾನೆ? ಮಧ್ಯಾಹ್ನದವರೆಗೂ ಮತ್ತೆ ಯಾರೂ ಬರಲಿಲ್ಲ. ತಮ್ಮ ಸಂಪಾದಕೀಯವನ್ನು ತಾವೇ ಓದಿಕೊಂಡರು, ಅದೂ ಸಪ್ಪೆಯೆನಿಸಿತು. ಮನೆ ಬಿಕೋ ಎನ್ನುತ್ತಿತ್ತು. ಪತ್ರಿಕೆಯಿಲ್ಲದೆ ಹೇಗೋ ಇರಬಹುದು, ಇವಳಿಲ್ಲದೆ ಒಂದು ಹೊತ್ತೂ ಸಾಗದು ಎಂದು ಅವರಿಗೆ ಖಚಿತವಾಯಿತು. (ಇದನ್ನು ಅವಳಿಗೆ ಹೇಳುವಷ್ಟು ದಡ್ಡರು ಅವರಲ್ಲ.) ಸಂಜೆಯೊಳಗೆ ಹೊನ್ನಾವರದ ಬಸ್ಸು ಹಿಡಿದರು.

ಅತ್ತೆಮನೆಯ ಜಗುಲಿಯಲ್ಲಿ ಹಸಿ ಮಸಿಯ ವಾಸನೆ. ಕಟ್ಟುಗಟ್ಟಲೆ ಕಾಗದದ ನಡುವೆ ಪರಮೇಶ್ವರಿ ಮತ್ತು ಅವಳ ತಾಯಿ ಕಾಲು ಚಾಚಿ ಕೂತು ಮಡಚುತ್ತಿದ್ದರು.

"ಇದೆಂತ?"

"ಪಡುಗಾಳಿ. ಡಿಟಿಪಿ ಅಂಗಡೀಲಿ ಸೀಡಿ ಮಾಡಿಸ್ಕಂಡು ಬಂದೆ. ಇಲ್ಲಿ ಪ್ರೆಸ್ಸಲ್ಲಿ ಅಚ್ಚಾತು."

"ದುಡ್ಡು ಎಷ್ಟಾತು?"

"ನಿಮ್ಮ ಓದುಗರು ತಿಂದ ಅವಲಕ್ಕಿಗಿಂತ ಕಡಿಮೆ."

ರಮಾನಂದರು ಅವಳ ಪಕ್ಕದಲ್ಲಿ ಕೂತು ತಾವೂ ಮಡಚತೊಡಗಿದರು. ಅವರು ಮಡಚಿದ್ದನ್ನೆಲ್ಲ ಅತ್ತೆ ಸದ್ದಿಲ್ಲದೆ ಬಿಚ್ಚಿ ಸರಿಯಾಗಿ ಮಡಚುತ್ತಿದ್ದರು. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ರಮಾನಂದರ ಮನಸ್ಸು ಹಗುರಾಯಿತು. ಆಗಲೇ ಮುಖಪುಟದ ಕೆಳಗೆ, ತಾವು ಬರೆಯದೇ ಇದ್ದ ಒಂದು ಪ್ರಕಟಣೆ ಕಣ್ಣಿಗೆ ಬಿತ್ತು.

'ಈ ವಾರದಿಂದ ಪಡುಗಾಳಿ ಮತ್ತೆ ಕಾಗದದ ಮೇಲೆ ದೊರೆಯಲಿದ್ದು, ಬೆಲೆ ಮೂರು ರೂಪಾಯಿ. ಯಂತ್ರದಲ್ಲಿಯೇ ಓದಬಯಸುವವರಿಗೂ ಅಡ್ಡಿಯಿಲ್ಲ. ಅಂಥವರಿಗೆ ಚಾ ಮತ್ತು ಅವಲಕ್ಕಿಯನ್ನು ಇನ್ನು ಮುಂದೆ ಸ್ವತಃ ನಾನೇ ತಯಾರಿಸಿ ಕೊಡುತ್ತೇನೆ. — ರಮಾನಂದ, ಸಂಪಾದಕ.'

ಮರುವಾರ ಕುಮಟೆಯ ಜಗುಲಿಯತ್ತ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಮೂರು ರೂಪಾಯಿಯ 'ಪಡುಗಾಳಿ' ಮಾತ್ರ ಒಂದು ಪ್ರತಿಯೂ ಉಳಿಯದೆ ಖರ್ಚಾಯಿತು.