ನೂರೈವತ್ತು ಪದಗಳಲ್ಲಿ ಸಾಯುವುದು

ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಿಗೆ ಬಾಯಲ್ಲೇ ಗಂಟು ಬಿದ್ದು, ನಾಳೆಯಿಂದ ಕೈಸನ್ನೆಯಲ್ಲೇ ಬದುಕುವ ಹಾಗಾಗಲಿ. ಒಂದು ಬಟ್ಟಲು ಸಕ್ಕರೆಗೆ ಮುಚ್ಚಳ ಸಿಗದೆ ಒಬ್ಬ ಮನುಷ್ಯ ಸತ್ತುಹೋದ.

ಬಟ್ಟಲು ಇದ್ದದ್ದು ಐದನೇಸಲನ ಮನೆಯಲ್ಲಿ. ಅದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ಸ್ಪರ್ಧಾತ್ಮಕ ಪರೀಕ್ಷೆಗೆ ನಾಲ್ಕು ಸಲ ಕೂತು, ನಾಲ್ಕು ಸಲವೂ ಮಕಾಡೆ ಬಿದ್ದು, ಐದನೆಯ ಸಲಕ್ಕೆ ಓದುತ್ತಿದ್ದವನಿಗೆ ಬೀದಿಯವರು ಕಟ್ಟಿದ ಹೆಸರು. ಹೊಟ್ಟೆಪಾಡಿಗೆ ಅವನು ಕೆಮ್ಮಿನ ಔಷಧಿಯ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದ. ‘ಕುಡಿಯುವ ಮುನ್ನ ಚೆನ್ನಾಗಿ ಕುಲುಕಿ.’ ಹನ್ನೊಂದು ವರ್ಷದಲ್ಲಿ ಅವನ ಕೈಯಿಂದ ಜನರಿಗೆ ತಲುಪಿದ ಬರಹ ಅದೊಂದೇ. ಪರೀಕ್ಷೆಯಲ್ಲಿ ಮೊದಲು ಬಂದರೆ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸುವ ಕೆಲಸ. ಇದ್ದದ್ದು ಒಂದೇ ಜಾಗ. ಮುಂದಿನ ತಿಂಗಳಿಗೆ ಅವನ ವಯಸ್ಸು ಮಿತಿ ದಾಟುತ್ತಿತ್ತು. ಹಾಗಾಗಿ ಆರನೆಯ ಸಲ ಎನ್ನುವುದು ಅವನ ಪಾಲಿಗೆ ಇರಲಿಲ್ಲ.

ಪರೀಕ್ಷೆ ಅವತ್ತು ಮಧ್ಯಾಹ್ನ ಎರಡಕ್ಕೆ. ಬೆಳಿಗ್ಗೆ ಆರಕ್ಕೆದ್ದು ಹಳೆಯ ಪ್ರಶ್ನೆಪತ್ರಿಕೆ ತೆಗೆದ. ‘ನಿಮಗೆ ಪರಿಚಯವಿರುವ ವ್ಯಕ್ತಿಯೊಬ್ಬರ ನಿಧನ ವಾರ್ತೆಯನ್ನು ನೂರೈವತ್ತು ಪದಗಳಲ್ಲಿ ಬರೆಯಿರಿ.’ ಕಿಟಕಿಯಿಂದ ಕೆಳಗೆ ನೋಡಿದರೆ ಬಾಡಿಗೆ ಮನೆಯ ಯಜಮಾನರು ಅಂಗಳದಲ್ಲಿ ನಿಂತು ಕೈಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. ಎದುರಿಗೇ ಸಿಕ್ಕ ಮೇಲೆ ಬೇರೆಯವರನ್ನು ಹುಡುಕುವುದು ಯಾಕೆ? ಬರೆದೇಬಿಟ್ಟ. ನೂಲಿನ ಗಿರಣಿಯಲ್ಲಿ ಮೂವತ್ತೊಂದು ವರ್ಷ ಟೈಮ್‌ಕೀಪರ್ ಆಗಿದ್ದ, ಜನಾನುರಾಗಿಯಾಗಿದ್ದ ಇಂಥವರು, ಅಲ್ಪಕಾಲದ ಅನಾರೋಗ್ಯದಿಂದ, ಇಂದು ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ಸ್ವಗೃಹದಲ್ಲಿ ನಿಧನರಾದರು. ಪದ ಎಣಿಸಿದ. ಸರಿಯಾಗಿ ನೂರೈವತ್ತು. ಖುಷಿಯಿಂದ ಸ್ನಾನಕ್ಕೆ ಹೋದ.

ಅವನ ಹೆಂಡತಿ ಕೆಳಗಿದ್ದ ಯಜಮಾನರ ಮನೆಯಿಂದ ತಂದಿದ್ದ ಒಂದು ಬಟ್ಟಲು ಸಕ್ಕರೆಯನ್ನು ಹಿಂದಿರುಗಿಸಬೇಕಿತ್ತು. ಇರುವೆ ಬರದಿರಲಿ ಎಂದು ಮೇಜಿನ ಮೇಲಿದ್ದ ಕಾಗದವನ್ನು ಬಟ್ಟಲಿನ ಬಾಯಿಗೆ ಮುಚ್ಚಿ, ಕೊಟ್ಟು ಬಂದಳು.

ಒಂಬತ್ತಕ್ಕೆ ಯಜಮಾನರ ಅಕ್ಕ ಮೆಟ್ಟಿಲು ಹತ್ತಿ ಬಂದಳು. ತಮ್ಮನಿಗಿಂತ ಎರಡು ವರ್ಷ ದೊಡ್ಡವಳು, ದನಿಯಲ್ಲಿ ಇಪ್ಪತ್ತು ವರ್ಷ ದೊಡ್ಡವಳು.

“ಏನೋ ಬರೆದು ಕಳಿಸಿದೀಯಂತೆ. ಬಾ ಕೆಳಗೆ. ಅವನು ಆಗಲೇ ಮಲಗಿಬಿಟ್ಟ.”

ಐದನೇಸಲ ತಲೆಯ ನೀರು ತೊಟ್ಟಿಕ್ಕುತ್ತಿದ್ದ ಹಾಗೇ ಇಳಿದು ಓಡಿದ. ಯಜಮಾನರು ಇಸ್ತ್ರಿ ಅಂಗಿ ತೊಟ್ಟು, ಕಾಲು ಜೋಡಿಸಿ, ಪಾರ್ಸೆಲ್ಲಿನ ಹಾಗೆ ಮಂಚದ ಮೇಲೆ ನೇರವಾಗಿ ಮಲಗಿದ್ದರು. ಒಂದು ಕೈಯಲ್ಲಿ ಆ ಕಾಗದ, ಇನ್ನೊಂದರಲ್ಲಿ ಗಡಿಯಾರ.

“ಬಾರಪ್ಪ,” ಎಂದರು. “ಅಲ್ಪಕಾಲದ ಅನಾರೋಗ್ಯ ಅಂತ ಬರ್ದಿದೀಯ. ಯಾವ ಕಾಯಿಲೆ ಅಂತ ಬರೀಲಿಲ್ಲ. ನಾನು ಯಾವುದನ್ನ ಶುರು ಹಚ್ಕೊಳ್ಳಲಿ?”

“ಅಯ್ಯೋ, ಅದು ಪರೀಕ್ಷೆಗೆ ಬರೆದಿದ್ದು! ಸುಮ್ಮನೆ ಅಭ್ಯಾಸಕ್ಕೆ!”

“ಹೆಸರು ನಂದೇ ತಾನೆ?”

“ಹೌದು.”

“ಗಿರಣಿ ನಂದೇ. ವರ್ಷ ಮೂವತ್ತೊಂದು, ಅದೂ ಸರಿ. ಎಲ್ಲಾ ನಿಜ ಬರೆದು ಟೈಮ್ ಒಂದು ಸುಳ್ಳು ಬರೀತೀಯಾ? ಮೂವತ್ತೊಂದು ವರ್ಷ ನಾನು ನೋಡಿದೀನಿ, ಕಾಗದದ ಮೇಲೆ ಬಿದ್ದ ಟೈಮು ತಪ್ಪೋದಿಲ್ಲ.”

“ನಾನು ಕೈಗೆ ಬಂದಿದ್ದು ಬರೆದೆ, ಯಜಮಾನ್ರೇ!”

“ಕೈಗೆ ಬರೋದು ಸುಮ್ಮನೆ ಬರಲ್ಲ,” ಎಂದು ಅವರು ಕಾಗದವನ್ನು ಮಂಚದ ಮೇಲಿಟ್ಟು ಅವನ ಮುಂಗೈ ಹಿಡಿದುಕೊಂಡರು. “ಬರೆದವನು ನೀನು. ಮುಗಿಯೋ ತನಕ ಇಲ್ಲೇ ಕೂತಿರು.”

ಆ ಹಿಡಿತ ಇಕ್ಕಳದ ಹಾಗಿತ್ತು. ಸಾಯಲು ಹೊರಟವರಿಗೆ ಅಷ್ಟು ಬಲ ಎಲ್ಲಿಂದ ಬಂತೋ.

ಹತ್ತರ ಹೊತ್ತಿಗೆ ಸುದ್ದಿ ಬೀದಿಯ ಕೊನೆ ಮುಟ್ಟಿ ವಾಪಸು ಬಂದಿತ್ತು. ಕಾಂಪೌಂಡರ್ ಬಂದ. ಆಸ್ಪತ್ರೆಯಲ್ಲಿ ಮಾತ್ರೆ ಎಣಿಸಿ ಕೊಡುತ್ತಿದ್ದವನು, ಬೀದಿಯ ಮಟ್ಟಿಗೆ ದೊಡ್ಡ ವೈದ್ಯ. ಯಜಮಾನರ ಮೊಣಕೈ ಹಿಡಿದು ಕಣ್ಣು ಮುಚ್ಚಿದ.

“ನಾಡಿ ಸಿಗ್ತಾ ಇಲ್ಲ.”

“ಅದು ಮೊಣಕೈ ಕಣಯ್ಯಾ,” ಎಂದಳು ಅಕ್ಕ.

“ಇದ್ದಿದ್ರೆ ಇಲ್ಲೂ ಸಿಗ್ತಿತ್ತು.”

ಮೂಲೆ ಅಂಗಡಿಯ ಕ್ಷೌರದವನು ಕತ್ತಿ ಸೋಪು ಹಿಡಿದೇ ಬಂದಿದ್ದ. “ಕೊನೇ ಸಲ ನೀಟಾಗಿ ಮಾಡ್ಬಿಡ್ತೀನಿ,” ಎಂದು ಗಲ್ಲಕ್ಕೆ ನೊರೆ ಹಚ್ಚಿದ. ಯಜಮಾನರು ನೊರೆಯೊಳಗಿಂದಲೇ ಅಕ್ಕನಿಗೆ ಹೇಳಿದರು: “ಅಳಬೇಡ.”

“ಯಾರೋ ಅಳ್ತಿರೋದು? ದೊಡ್ಡವಳು ನಾನಿದೀನಿ. ಸಾಲು ಮುರಿದು ಮುಂದೆ ನುಗ್ತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?”

ಹಾಗೆಂದವಳು ಅಡುಗೆಮನೆಗೆ ಹೋಗಿ, ಸೆರಗಿನಲ್ಲಿ ಕಣ್ಣೊತ್ತಿಕೊಂಡು ಬಂದಳು. ಐದನೇಸಲನಿಗೆ ಅದು ಕಂಡಿತು. ಇವರು ಸಾಯುವುದಿಲ್ಲ ಎಂದು ಅವನಿಗೆ ಗೊತ್ತು. ಆದರೆ ಅಷ್ಟು ನಂಬಿ ಮಲಗಿದವರ ಮುಖ ನೋಡುತ್ತಾ ನೋಡುತ್ತಾ, ಗೊತ್ತಿದ್ದದ್ದೂ ಅಲುಗಾಡತೊಡಗಿತು. ಹೆಂಡತಿ ತಂದುಕೊಟ್ಟ ನೋಟ್ಸನ್ನು ಬಿಡುವಿದ್ದ ಕೈಯಲ್ಲಿ ಹಿಡಿದು ಓದಲು ನೋಡಿದ. ‘ಸಂದೇಶವು ಕಳುಹಿಸುವವನಿಂದ ಸ್ವೀಕರಿಸುವವನಿಗೆ ತಲುಪುವಾಗ ಅಡೆತಡೆಗಳು ಉಂಟಾಗಬಹುದು.’ ಅಕ್ಷರ ಕಣ್ಣಿಗೆ ಬೀಳುತ್ತಿತ್ತು, ತಲೆಗೆ ಇಳಿಯುತ್ತಿರಲಿಲ್ಲ.

“ತಿದ್ದುಪಡಿ ಹಾಕ್ತೀನಿ,” ಎಂದ. “ಪೇಪರಿನವರು ಹಾಕ್ತಾರಲ್ಲ, ಹಾಗೆ. ಟೈಮ್ ತಪ್ಪಾಗಿದೆ ಅಂತ.”

ಯಜಮಾನರು ಒಂದು ಕಣ್ಣು ತೆರೆದರು. “ಸರಿಯಾದ ಟೈಮ್ ಯಾವುದು ಹಾಗಾದ್ರೆ?”

ಐದನೇಸಲ ಯೋಚಿಸಿದ. “ಇನ್ನೂ ನಲವತ್ತು ವರ್ಷ?”

“ಈಗ ನಂಗೆ ಎಪ್ಪತ್ತೆರಡು. ಸಾಯೋರ ಹತ್ರ ತಮಾಷೆ ಮಾಡ್ತೀಯಾ?” ಕಣ್ಣು ಮತ್ತೆ ಮುಚ್ಚಿಕೊಂಡಿತು.

ಹನ್ನೆರಡೂವರೆಗೆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹನ್ನೆರಡು ಮೂವತ್ತೊಂಬತ್ತಕ್ಕೆ ಎಲ್ಲರೂ ಉಸಿರು ಬಿಗಿಹಿಡಿದರು. ಯಜಮಾನರೂ ಹಿಡಿದರು. ಹನ್ನೆರಡು ನಲವತ್ತು. ಗಡಿಯಾರದ ಟಿಕ್ ಟಿಕ್ ಬಿಟ್ಟರೆ ಸದ್ದಿಲ್ಲ. ಯಜಮಾನರ ಮುಖ ಕೆಂಪಾಯಿತು, ನೀಲಿಯಾಯಿತು, ಕೊನೆಗೆ ‘ಭುಸ್’ ಎಂದು ಉಸಿರು ಹೊರಗೆ ಬಂತು.

ಹನ್ನೆರಡು ನಲವತ್ತೊಂದು.

ಯಜಮಾನರು ಎದ್ದು ಕೂತರು. ಅವರ ಕಣ್ಣಂಚಿನಲ್ಲಿ ನೀರಿತ್ತು.

“ಲೇಟಾಯ್ತು,” ಎಂದರು. “ಮೂವತ್ತೊಂದು ವರ್ಷದಲ್ಲಿ ಒಂದು ದಿನ ಲೇಟಾಗಿರ್ಲಿಲ್ಲ.”

“ಮೂರು ಗಂಟೆ ಹೊತ್ತಿಂದ ಅಂಗಡಿ ಮುಚ್ಚಿದೀನಿ,” ಎಂದ ಕ್ಷೌರದವನು, ಕತ್ತಿ ಒರೆಸುತ್ತಾ. “ನಾನೂ ಏನೋ ನಡೆಯುತ್ತೆ ಅಂದ್ಕೊಂಡಿದ್ದೆ.” ಮಂಚದ ಮೇಲಿನ ಕಾಗದ ಎತ್ತಿ ಓದಿದ. “ಜನಾನುರಾಗಿ? ನಲ್ಲಿ ಸರಿ ಮಾಡ್ಸಿ ಅಂತ ಎರಡು ವರ್ಷದಿಂದ ಬಡ್ಕೊಳ್ತಿದಾರೆ ಮೇಲಿನ ಮನೆಯೋರು. ಇದನ್ನ ಬರ್ದಾಗಲೇ ತಿಳೀಬೇಕಿತ್ತು, ಎಲ್ಲಾ ಬುರುಡೆ ಅಂತ.”

ಜನ ನಕ್ಕರು. ಯಜಮಾನರು ನಗಲಿಲ್ಲ. ಐದನೇಸಲ ಮೆಲ್ಲಗೆ ಕೈ ಎಳೆದುಕೊಳ್ಳಲು ನೋಡಿದ.

“ಎಲ್ಲಿಗೆ? ಗಿರಣಿಯಲ್ಲಿ ಲೇಟಾದೋರು ಕಾರಣ ಬರ್ದು ಕೊಡ್ದೆ ಒಳಗೆ ಕಾಲಿಡೋ ಹಾಗಿರ್ಲಿಲ್ಲ. ನಾನು ಯಾಕೆ ಹೊರಡ್ಲಿಲ್ಲ ಅಂತ ಬರ್ದುಕೊಡು. ಇಲ್ದಿದ್ರೆ ನಾನು ಮಂಚ ಬಿಟ್ಟು ಇಳಿಯಲ್ಲ, ನಿನ್ನ ಕೈನೂ ಬಿಡಲ್ಲ.”

ಬರೆದುಕೊಟ್ಟ. ‘ತಪ್ಪು ಬರೆದವನದು, ಹೊರಡದವರದಲ್ಲ’ ಎಂದು. ಯಜಮಾನರು ಎರಡು ಸಲ ಓದಿ, ಒಂದು ಅಲ್ಪವಿರಾಮ ಹಾಕಿಸಿ, ಸಹಿ ಪಡೆದರು. ಗಂಟೆ ಒಂದೂಕಾಲು. ಬಾಗಿಲಲ್ಲಿ ಅಕ್ಕ ಅಡ್ಡ ನಿಂತಳು.

“ಈ ಬೀದಿಯವರ ಹೆಸರು ಇನ್ನು ಯಾವತ್ತೂ ಎಲ್ಲೂ ಬರೆಯಲ್ಲ ಅಂತ ಆಣೆ ಇಡು. ನಿನ್ನ ಹೆಂಡತಿ ಮೇಲೆ.”

“ನನ್ನ ಹೆಸರಂತೂ ಪೆನ್ನಿನ ಹತ್ರಾನೂ ಬರಕೂಡದು,” ಎಂದ ಕ್ಷೌರದವನು. ಅವನ ಕೈಯಲ್ಲಿ ಕತ್ತಿ ಇನ್ನೂ ಬಿಚ್ಚಿಯೇ ಇತ್ತು.

ಆಣೆ ಇಟ್ಟು ಓಡಿದ. ನಾಯಿ ಅಟ್ಟಿಸಿಕೊಂಡು ಬಂದ ಕೋಳಿಯ ಹಾಗೆ ಓಡಿ, ಗೇಟು ಮುಚ್ಚುವ ಹೊತ್ತಿಗೆ ಒಳಗೆ ತೂರಿದ. ಹದಿನೇಳನೆಯ ಬೆಂಚು. ಪ್ರಶ್ನೆಪತ್ರಿಕೆ ತಿರುಗಿಸಿದ. ಮೊದಲ ಪ್ರಶ್ನೆ, ನಲವತ್ತು ಅಂಕ: ‘ನಿಮಗೆ ಪರಿಚಯವಿರುವ ವ್ಯಕ್ತಿಯೊಬ್ಬರ ನಿಧನ ವಾರ್ತೆ ಬರೆಯಿರಿ. ಕಾಲ್ಪನಿಕ ವ್ಯಕ್ತಿಗಳಿಗೆ ಅಂಕವಿಲ್ಲ.’

ಯಜಮಾನರು ಆಗುವುದಿಲ್ಲ, ಆಣೆಯಿದೆ. ಅಕ್ಕ, ಕಾಂಪೌಂಡರ್, ಅವರೂ ಆಗುವುದಿಲ್ಲ. ಕ್ಷೌರದವನ ಕತ್ತಿ ಕಣ್ಣ ಮುಂದೆಯೇ ಇತ್ತು. ಹೆಂಡತಿಯ ಹೆಸರು ಬರೆಯಲು ಕೈಯೇ ಏಳಲಿಲ್ಲ. ಅಮ್ಮ ದೂರದಲ್ಲಿದ್ದಾಳೆ, ಗೊತ್ತಾಗುವುದಿಲ್ಲ. ಆದರೆ ಆ ಯಜಮಾನರ ನೀಲಿಗಟ್ಟಿದ ಮುಖ ನೆನಪಾಗಿ ಪೆನ್ನು ಕೆಳಗಿಟ್ಟ. ಅರ್ಧ ಗಂಟೆ ಹೋಯಿತು. ಜಗಳಕ್ಕೆ ಬರದ, ಆಣೆಗೆ ಸಿಗದ, ಚೆನ್ನಾಗಿ ಪರಿಚಯವಿರುವ ಮನುಷ್ಯ ಉಳಿದದ್ದು ಇಡೀ ಲೋಕದಲ್ಲಿ ಒಬ್ಬನೇ.

ತನ್ನನ್ನೇ ಬರೆದ.

ಸುದ್ದಿಯಲ್ಲಿ ಯಾರು, ಎಲ್ಲಿ, ಯಾವಾಗ, ಹೇಗೆ ಎಲ್ಲವೂ ಇರಬೇಕು ಎಂದು ಗೈಡು ಹೇಳಿತ್ತು. ಅವನು ಏನೂ ಬಿಡಲಿಲ್ಲ. ಹೆಸರು, ಪರೀಕ್ಷೆಯ ನಂಬರು, ಹದಿನೇಳನೆಯ ಬೆಂಚು, ಸಮಯ ಮೂರು ನಲವತ್ತು. ಕಾರಣ, ಐದು ವರ್ಷದ ಓದು. ಹನ್ನೊಂದು ವರ್ಷ ಅಂಟಿಸಿದ ಚೀಟಿಯ ಬಗ್ಗೆ ಬರೆಯುವಾಗ ಅವನಿಗೇ, ಸತ್ತವನು ಪಾಪ ಎಂಥ ಒಳ್ಳೆಯವನು ಎನಿಸಿತು. ಉಳಿದ ಪ್ರಶ್ನೆಗಳನ್ನು ಸರಸರ ಮುಗಿಸಿದ. ಯಜಮಾನರ ಹಿಡಿತಕ್ಕೆ ಸಿಕ್ಕಿದ್ದ ಕೈ ಊದಿಕೊಂಡಿತ್ತು. ಎಲ್ಲರಿಗಿಂತ ಮೊದಲು ಎದ್ದು ಹೊರಗೆ ಬಂದಾಗ ಮೂರು ನಲವತ್ತು.

ಒಂದೂವರೆ ತಿಂಗಳಿಗೆ ಫಲಿತಾಂಶ ಬಂತು. ಬೋರ್ಡಿನಲ್ಲಿ ಎಲ್ಲಕ್ಕಿಂತ ಮೇಲೆ ಅವನ ನಂಬರು. ಮೊದಲನೆಯ ಸ್ಥಾನ. ಅವನು ಅಲ್ಲೇ ಕುಣಿದ. ಕುಣಿಯುತ್ತಾ ಇನ್ನೊಮ್ಮೆ ನೋಡಿದ. ನಂಬರಿನ ಪಕ್ಕ ಸಣ್ಣ ಅಕ್ಷರದಲ್ಲಿ ಒಂದು ಪದವಿತ್ತು: ದಿವಂಗತ.

ಕಚೇರಿಯ ಗುಮಾಸ್ತ ತುಂಬ ಮರುಕದ ಮನುಷ್ಯ. ಕುರ್ಚಿ ಎಳೆದು ಕೊಟ್ಟ.

“ಕೂತ್ಕೊಳ್ಳಿ. ಮೃತರಿಗೆ ನೀವು ಏನಾಗ್ಬೇಕು?”

“ನಾನೇ ಮೃತ!”

“ಮರಣ ಪತ್ರ ತಂದಿದೀರಾ?”

“ಸತ್ತಿಲ್ಲ ಸ್ವಾಮಿ! ನೋಡಿ, ಇಲ್ಲೇ ನಿಂತಿದೀನಿ!”

ಗುಮಾಸ್ತ ಕಡತ ಬಿಚ್ಚಿದ. “ಸತ್ತಿದೀನಿ ಅಂತ ನೀವೇ ಕೈಯಾರೆ ಬರೆದಿದೀರಿ. ನಲವತ್ತಕ್ಕೆ ನಲವತ್ತು ಕೊಟ್ಟಿದಾರೆ, ಒಂದೂ ತಪ್ಪಿಲ್ಲ ಅಂತ. ನಂಬರು ಸರಿ, ಬೆಂಚು ಸರಿ. ಮೂರು ನಲವತ್ತರಿಂದ ಆ ಬೆಂಚು ಖಾಲಿ ಅಂತ ಮೇಲ್ವಿಚಾರಕರೂ ಬರೆದಿದಾರೆ. ಇನ್ನು ಸತ್ತಿಲ್ಲ ಅಂತ ಯಾರು ಬರೆದುಕೊಟ್ಟಿದಾರೆ, ತೋರ್ಸಿ?”

ಕೊನೆಗೆ ಗುಮಾಸ್ತನೇ ದಾರಿ ಹೇಳಿದ. ಅವತ್ತು ಮೂರು ನಲವತ್ತರ ನಂತರ ಇವನನ್ನು ಜೀವಂತ ಕಂಡವರು ಇಬ್ಬರು, ಮನೆಯವರಲ್ಲದವರು, ಬರೆದು ಸಹಿ ಹಾಕಿ ಕೊಡಬೇಕು. ಶನಿವಾರದೊಳಗೆ. ಇಲ್ಲವಾದರೆ ಸೋಮವಾರ ಎರಡನೆಯ ಸ್ಥಾನದವನಿಗೆ ಕೆಲಸ.

ಐದನೇಸಲ ನೇರವಾಗಿ ಯಜಮಾನರ ಹತ್ತಿರ ಓಡಿದ. ಅವತ್ತು ನಾಲ್ಕೂವರೆಗೆ ಅಂಗಳದಲ್ಲಿ ಅವನನ್ನು ಕಂಡು ಬೈದಿದ್ದವರೇ ಅವರು. ಯಜಮಾನರು ಎಲ್ಲ ಕೇಳಿಸಿಕೊಂಡರು. ಗಡಿಯಾರಕ್ಕೆ ಕೀಲಿ ಕೊಟ್ಟರು.

“ಮೂರು ನಲವತ್ತು ಅಂತ ಬರೆದೆ, ಮೂರು ನಲವತ್ತಕ್ಕೇ ಹೊರಟೆ,” ಎಂದರು. ದನಿಯಲ್ಲಿ ಹೊಟ್ಟೆಕಿಚ್ಚು ಎದ್ದು ಕಾಣುತ್ತಿತ್ತು. “ನನಗೆ ಆಗದೇ ಇದ್ದದ್ದು ನಿನಗೆ ಆಯ್ತು. ಸರ್ಕಾರ ಸೀಲು ಹಾಕಿದ ಕಾಗದದ ವಿರುದ್ಧ ನಾನು ಸಹಿ ಹಾಕಲ್ಲಪ್ಪ. ಹೋಗು, ಪುಣ್ಯವಂತ.”

ಕ್ಷೌರದವನು ಕಾಗದ ಕಂಡ ಕೂಡಲೇ ಅಂಗಡಿ ಬಾಗಿಲು ಎಳೆದುಕೊಂಡ. ಕಾಂಪೌಂಡರ್ ಅವನ ಮೊಣಕೈ ಹಿಡಿದು ನೋಡಿ, ಖಾತ್ರಿಯಾಗಿ ಹೇಳಲಾರೆ ಎಂದ. ಐದನೇಸಲ ಈಗಲೂ ಬೆಳಿಗ್ಗೆ ಏಳಕ್ಕೆ ಹೋಗಿ ಬಾಟಲಿಗೆ ಚೀಟಿ ಅಂಟಿಸುತ್ತಿದ್ದಾನೆ. ಕಾರ್ಖಾನೆಗೆ ಇನ್ನೂ ಸುದ್ದಿ ತಲುಪಿಲ್ಲ, ಅಷ್ಟೇ.

ಒಬ್ಬರ ಸಹಿ ಆಗಿದೆ, ಅದು ನನ್ನದು. ಅವನನ್ನು ಅವತ್ತು ನಾನು ನೋಡಿದ್ದೆನೋ ಇಲ್ಲವೋ, ಆ ಮಾತು ಬಿಡಿ. ನೀವು ಇಷ್ಟು ಹೊತ್ತು ಅವನ ಜೊತೆಯಲ್ಲೇ ಇದ್ದಿರಿ, ಮೂರು ನಲವತ್ತಕ್ಕೆ ಅವನು ತನ್ನ ಕಾಲಲ್ಲೇ ನಡೆದು ಹೊರಗೆ ಬಂದದ್ದನ್ನೂ ಕಂಡಿರಿ. ಇವತ್ತು ಶುಕ್ರವಾರ. ತಗೊಳ್ಳಿ ಪೆನ್ನು. ಹೆಸರು ಇಲ್ಲಿ, ಸಹಿ ಅದರ ಕೆಳಗೆ. ಟೈಮ್ ಮಾತ್ರ ಹಾಕಬೇಡಿ.