ತೊಟ್ಟಿಲ್ಲದ ಎಲೆಗಳು

ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅಡುಗೆಮನೆಯ ಕಿಟಕಿಯ ಮುಂದೆ ಕಣ್ಣುಮುಚ್ಚಿ ನಿಂತು, ಹಿಂದಿನ ದಿನ ಮಾಡಿದ ಒಂದು ತಪ್ಪನ್ನೂ ಒಂದು ಒಳ್ಳೆಯ ಕೆಲಸವನ್ನೂ ದೇವರಿಗೆ ಒಪ್ಪಿಸುವುದು ಆ ಮನೆಯ ಸೊಸೆಯ ವಾಡಿಕೆ. ಜ್ವರ ಬಂದರೂ ತಪ್ಪಿಸಿದವಳಲ್ಲ. ತಪ್ಪು ಸುಲಭವಾಗಿ ಸಿಗುತ್ತಿತ್ತು. ಒಳ್ಳೆಯದಕ್ಕೆ ಮಾತ್ರ ಕೆಲವು ದಿನ ತಡಕಾಡಬೇಕಾಗುತ್ತಿತ್ತು. (ಹಾಲು ಉಕ್ಕುವ ಮುಂಚೆ ಒಲೆ ಆರಿಸಿದ್ದನ್ನೂ ಒಂದೆರಡು ಸಲ ಪುಣ್ಯಕಾರ್ಯವೆಂದು ಒಪ್ಪಿಸಿದ್ದುಂಟು.) ಹಾಗಾಗಿ ಅತ್ತೆಯ ಸ್ಕಾರ್ಫ್ ಕೈಗೆ ಸಿಕ್ಕಾಗ ಹತ್ತೊಂಬತ್ತು ದಿನದ ಪುಣ್ಯ ಒಟ್ಟಿಗೆ ಒದಗಿಬಂದಂತಾಯಿತು.

ಅತ್ತೆ ನಿವೃತ್ತ ಹೊಲಿಗೆ ಟೀಚರ್. ಊರಿನ ಅರ್ಧದಷ್ಟು ಹೆಂಗಸರಿಗೆ ಹೆಣಿಗೆ ಕಲಿಸಿದವರು, ಸೊಸೆಗೂ. ಈಗ ಎರಡು ಕಣ್ಣಿಗೂ ಪೊರೆ. ಆರು ತಿಂಗಳು ಕಾಡಿ ಬೇಡಿದ ಮೇಲೆ ಆಪರೇಷನ್ನಿಗೆ ಒಪ್ಪಿದ್ದರು. ಬಡವರ ಕಣ್ಣಿನ ಚಿಕಿತ್ಸೆಗಾಗಿ ಆಸ್ಪತ್ರೆಯವರು ಕೈಹೆಣಿಗೆಯ ಸ್ಕಾರ್ಫುಗಳನ್ನು ಮಾರುತ್ತಾರೆಂದು ನರ್ಸಮ್ಮ ಹೇಳಿದ್ದೇ ತಡ, "ನಾನೂ ಒಂದು ಕೊಡ್ತೀನಿ, ಎಲೆ ಚಿತ್ತಾರದ್ದು" ಎಂದು ನೀಲಿ ಉಣ್ಣೆ ತರಿಸಿದರು. ಸೊಸೆಯೂ ಹಸಿರು ಉಂಡೆ ಹಿಡಿದು ಎದುರಿಗೆ ಕೂತಳು.

ಅತ್ತೆಯ ಮೊದಲ ಎಲೆ ಹೇಗೋ ಎಲೆಯಂತಿತ್ತು. ಎರಡನೆಯದು ಸವೆದ ಚಪ್ಪಲಿಯಂತೆ ಕಂಡಿತು. ಕುಣಿಕೆಗಳು ಜಾರಿದ್ದವು, ಸಾಲು ಸೊಟ್ಟಗಾಗಿತ್ತು. ಸಾಲದ್ದಕ್ಕೆ ಎಲೆಯ ಬುಡದಲ್ಲಿ ಒಂದು ಬೇಡದ ಕುಣಿಕೆ ಬಾಲದಂತೆ ಇಳಿಬಿದ್ದಿತ್ತು. (ಪಾಪ, ಉಳಿದ ತಪ್ಪುಗಳು ಎಲ್ಲೆಂದರಲ್ಲಿ, ಇದೊಂದು ಮಾತ್ರ ಪ್ರತಿ ಎಲೆಯಲ್ಲೂ ಮರೆಯದೆ ಅದೇ ಜಾಗದಲ್ಲಿ.)

ಅತ್ತೆ ಬೆಳಿಗ್ಗೆ ಒಂದು ಎಲೆ ಹೆಣೆದು, ಊಟವಾದ ಮೇಲೆ ಒಂದು ಗಂಟೆ ಮಲಗುತ್ತಿದ್ದರು. ಆ ಒಂದು ಗಂಟೆಯಲ್ಲಿ ಸೊಸೆಯ ಜೀರ್ಣೋದ್ಧಾರ ಕಾರ್ಯ. ಎಲೆಯನ್ನು ಪೂರ್ತಿ ಬಿಚ್ಚಿ, ನೇರವಾಗಿ ಹೆಣೆದು, ಬಾಲ ತೆಗೆದು, ಬುಟ್ಟಿಯಲ್ಲಿ ಇದ್ದ ಹಾಗೇ ಇಡುವಳು. ಅತ್ತೆ ಎದ್ದು ಬೆರಳಾಡಿಸಿ, "ನೋಡೇ, ಕೈ ಇನ್ನೂ ಮರೆತಿಲ್ಲ" ಎನ್ನುವರು.

"ಎಲ್ಲಿ ಮರೆಯುತ್ತೆ ಅತ್ತೆ, ಯಂತ್ರ ಹೆಣೆದ ಹಾಗಿದೆ."

ಅತ್ತೆ ಹಾಡು ಗುನುಗತೊಡಗಿದರು. ಸೊಸೆ ದಿನಾ ಬೆಳಿಗ್ಗೆ ಕಿಟಕಿಯ ಮುಂದೆ ತಡಕಾಡದೆ ಪುಣ್ಯ ಒಪ್ಪಿಸಿದಳು.

ಇಪ್ಪತ್ತು ಎಲೆ ಮುಗಿದ ದಿನ ನರ್ಸಮ್ಮ ಬಂದು, ಸ್ಕಾರ್ಫಿಗೆ ಟೀಚರಮ್ಮನ ಹೆಸರಿನ ಚೀಟಿ ಚುಚ್ಚಿ ಚೀಲಕ್ಕೆ ಹಾಕಿಕೊಂಡು, "ಆಪರೇಷನ್ ಬುಧವಾರ, ನೆನಪಿದೆ ಅಲ್ವಾ?" ಎಂದಳು.

"ಇಂಥ ಎಲೆ ಹೆಣೆಯೋ ಕಣ್ಣಿಗೆ ಆಪರೇಷನ್ ಯಾಕಮ್ಮ? ನನ್ನ ಸರದೀನ ಕಣ್ಣು ಕಾಣದವರು ಯಾರಿಗಾದ್ರೂ ಕೊಟ್ಬಿಡು" ಎಂದರು ಅತ್ತೆ. (ಹೇಳಿದ್ದು ನರ್ಸಮ್ಮನಿಗೆ, ಮುಖ ಮಾಡಿ ಹೇಳಿದ್ದು ಬಾಗಿಲ ಹಿಂದೆ ನೇತಾಡುತ್ತಿದ್ದ ಮಗನ ಕೋಟಿಗೆ.)

"ತಡ ಮಾಡಿದ್ರೆ ಪೊರೆ ಗಟ್ಟಿಯಾಗುತ್ತೆ ಟೀಚರಮ್ಮ. ಆಮೇಲೆ ಕಷ್ಟ."

"ನೀನು ಹೇಳಿದ್ದು ಕೇಳ್ಲೋ, ನನ್ನ ಹೆಣಿಗೆ ಹೇಳಿದ್ದು ಕೇಳ್ಲೋ?"

ಗಡಿಯಾರ ರಿಪೇರಿ ಮಾಡುವ ಗಂಡ ಮನೆಗೆ ಬಂದದ್ದೇ ಸೊಸೆ ಎಲ್ಲ ಹೇಳಿಕೊಂಡಳು.

"ಮುಳ್ಳು ತಿರುಗಿಸಿ ಇಟ್ರೆ ಗಡಿಯಾರ ರಿಪೇರಿ ಆಗುತ್ತೇನೇ?" ಎಂದ.

"ಈಗ ಏನ್ಮಾಡ್ಲಿ?"

"ಅಮ್ಮಂಗೆ ಹೇಳು."

"ನೀವೇ ಹೇಳಿ."

"ನಾನಾ? ನನಗೆ ಹೆಣಿಗೆ ಬರಲ್ಲ."

ಮರುದಿನ ಕಿಟಕಿಯ ಮುಂದೆ ನಿಂತಳು. ಹೊಸ ಪುಣ್ಯ ಹೋಗಲಿ, ಒಪ್ಪಿಸಿದ ಹತ್ತೊಂಬತ್ತನ್ನೂ ಹಿಂದಕ್ಕೆ ಕೇಳಿ ಪಡೆಯಬೇಕಾಗಿತ್ತು. ಒಲೆ ಹಚ್ಚದೆಯೇ ಅತ್ತೆಯ ಹಾಸಿಗೆಯ ಬಳಿ ಹೋಗಿ ಕೂತು, ಹೇಳಿಬಿಟ್ಟಳು.

ಅತ್ತೆ ಎದ್ದು ಕೂತರು. "ಒಂದೂ ನನ್ನದಲ್ವಾ?"

"ಮೊದಲನೇದು ನಿಮ್ಮದೇ ಅತ್ತೆ."

ಅತ್ತೆ ತಡವಿ ಕಡ್ಡಿಗಳನ್ನು ಹುಡುಕಿ, ಬುಟ್ಟಿಯಲ್ಲಿಟ್ಟು, ಮುಚ್ಚಳ ಹಾಕಿದರು. "ದಿನಾ ಮಧ್ಯಾಹ್ನ ಎದ್ದು ಎಷ್ಟು ಖುಷಿಪಡ್ತಿದ್ದೆ ಕಣೇ" ಎಂದರು. ಅಷ್ಟೇ. ಬೈದಿದ್ದರೆ ಸೊಸೆ ಬದುಕಿಕೊಳ್ಳುತ್ತಿದ್ದಳು. ಬುಧವಾರ ಆಸ್ಪತ್ರೆಗೆ ಹೋಗುವಾಗ ಅವರು ಹಿಡಿದದ್ದು ಮಗನ ಕೈಯನ್ನು. ನೀಲಿ ಸ್ಕಾರ್ಫ್ ಅಷ್ಟರಲ್ಲಿ ಮಾರಾಟವಾಗಿತ್ತು.

ಕಣ್ಣಿಗೆ ಹೊಸ ಕನ್ನಡಕ ಬಂದ ದಿನ ಅತ್ತೆ ಮೊದಲು ಸೊಸೆಯ ನರೆಗೂದಲು ನೋಡಿದರು. ಆಮೇಲೆ ಬುಟ್ಟಿಯಿಂದ ಅವಳ ಹಸಿರು ಸ್ಕಾರ್ಫ್ ತೆಗೆದು ಬೆಳಕಿಗೆ ಹಿಡಿದರು.

"ಇದ್ಯಾರು ಹೆಣೆದದ್ದು?"

"ನಾನೇ ಅತ್ತೆ."

"ಎಲೆಗೆ ತೊಟ್ಟೆಲ್ಲಿ?"

"ತೊಟ್ಟಾ?"

"ಬುಡದಲ್ಲಿ ಒಂದು ಕುಣಿಕೆ ಇಳಿಬಿಡ್ಬೇಕು ಅಂತ ಕಲಿಸಿದ್ನಲ್ಲ. ತೊಟ್ಟಿಲ್ಲದೆ ಎಲೆ ನಿಲ್ಲೋದು ಹೇಗೆ?" ಎಂದವರು ತಡೆದು, "ನನ್ನ ನೀಲೀದರಲ್ಲಿ ಇತ್ತಾ?" ಎಂದರು.

"ಎಲ್ಲದರಲ್ಲೂ ಇತ್ತು ಅತ್ತೆ. ಹತ್ತೊಂಬತ್ತನ್ನ ನಾನೇ ಕಿತ್ತೆ."

ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಹೆಸರಿನ ಚೀಟಿ ಹೊತ್ತು ಹೋದ ಆ ಸ್ಕಾರ್ಫ್ ಈಗ ಯಾರ ಕೊರಳಲ್ಲಿತ್ತೋ, ಅವರ ಯಾವ ಹಳೆಯ ಶಿಷ್ಯೆ ಅದನ್ನು ಕಂಡು ಹುಬ್ಬೇರಿಸುತ್ತಿದ್ದಳೋ.

"ಹೋಗ್ಲಿ ಬಿಡು" ಎಂದರು ಕೊನೆಗೆ. "ಊಟ ಆದ್ಮೇಲೆ ನೀನು ಮಲ್ಕೋ. ಏಳೋದ್ರೊಳಗೆ ಇದನ್ನೆಲ್ಲ ಬಿಚ್ಚಿ, ತೊಟ್ಟು ಇಟ್ಟು ಹೆಣೆದಿರ್ತೀನಿ. ನಿನಗೆ ಗೊತ್ತೂ ಆಗಲ್ಲ."

ಅದು ಚುಚ್ಚುಮಾತೋ ಅಕ್ಕರೆಯೋ ತಿಳಿಯಲಿಲ್ಲ. ಕಣ್ಣು ಮಾತ್ರ ಕೋಟಿನ ಕಡೆಗಲ್ಲ, ನೇರವಾಗಿ ಅವಳ ಮೇಲೇ ಇತ್ತು.

"ಬೇಡ ಅತ್ತೆ" ಎಂದು ಸೊಸೆ ಸ್ಕಾರ್ಫನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. "ಇದು ಹೀಗೇ ಆಸ್ಪತ್ರೆಗೆ ಹೋಗ್ಲಿ. ಚೀಟಿಯಲ್ಲಿ ನನ್ನ ಹೆಸರು ಬರೀತೀನಿ."