ಹೊಸ್ತಿಲ ಮೇಲೆ ಕುಳಿತ ದೋಣಿ

ಪಿಲ್‌ಬೀಮ್ ದಂಪತಿಗಳನ್ನು ಮೊದಲು ಕಂಡ ದಿನ ಇಬ್ಬರೂ ಮೂಕರೆಂದೇ ತಿಳಿದಿದ್ದೆ. ನಮ್ಮೂರ ಕಾಲುವೆ ತಗ್ಗಿಗಿಳಿಯುವಲ್ಲಿ ಎರಡು ಲಾಕುಗಳಿವೆ: ಎರಡೂ ತುದಿಗೆ ಕದವಿರುವ ಕಲ್ಲಿನ ತೊಟ್ಟಿಗಳು, ನೀರು ಬಿಟ್ಟಂತೆ ಒಳಗಿನ ದೋಣಿ ಕೆಳಮಟ್ಟಕ್ಕೆ ಇಳಿಯುತ್ತದೆ. ಮೇಲಿನ ಲಾಕಿನಲ್ಲಿ ಅವರ ಉದ್ದನೆಯ ಹಸಿರು ದೋಣಿ ಇಳಿಯಲು ನಿಂತಿತ್ತು. ಹಿಂತುದಿಯಲ್ಲಿ ಚುಕ್ಕಾಣಿ ಹಿಡಿದಿದ್ದ ಗಂಡ ಬಲಗೈಯನ್ನು ಭುಜದ ಮಟ್ಟಕ್ಕೆತ್ತಿ ಕೊಡವಿದ. ದೂರದ ಕದದ ಬಳಿ ಕಬ್ಬಿಣದ ಹಿಡಿ ಹಿಡಿದಿದ್ದ ಹೆಂಡತಿ ತಲೆಯ ಮೇಲೆ ಅಂಗೈ ಇಟ್ಟಳು. ಗಂಡ ಮೂಗು ಮುಟ್ಟಿಕೊಂಡ. 'ಪಾಪ, ದೇವರು ಮಾತು ಕೊಡಲಿಲ್ಲ. ಆದರೂ ಎಂಥ ಅನ್ಯೋನ್ಯ!' ಎಂದು ಮರುಗುತ್ತ ಬ್ರೆಡ್ಡು ತರಲು ಅಂಗಡಿಗೆ ಹೋದೆ.

(ದೇವರು ಮಾತನ್ನು ಧಾರಾಳವಾಗಿಯೇ ಕೊಟ್ಟಿದ್ದ. ತೊಂದರೆಯೆಲ್ಲ ಅಲ್ಲೇ ಶುರುವಾದದ್ದು. ನಾನು ಅಂಗಡಿಯಲ್ಲಿದ್ದಾಗ ಕೆಳಗಿನ ಲಾಕಿನಲ್ಲಿ ನಡೆದದ್ದನ್ನು ಸೆಡ್ರಿಕ್ ಪಿಲ್‌ಬೀಮ್ ಆಮೇಲೆ ನನಗೆ ಎಷ್ಟೋ ಸಲ ಹೇಳಿದ್ದಾನೆ. ಪ್ರತಿ ಸಲವೂ ಕೊನೆ ಬದಲಾದೀತೆಂಬ ಆಸೆಯಿಂದ ಹೇಳುತ್ತಾನೆ, ಬದಲಾಗುವುದಿಲ್ಲ.)

ಸೆಡ್ರಿಕ್ ತನ್ನ ಆಯುಷ್ಯವನ್ನೆಲ್ಲ ರೈಲ್ವೆಯ ಸಿಗ್ನಲ್ ಗೂಡಿನಲ್ಲಿ ಕಳೆದವನು. ನಿವೃತ್ತನಾದ ಮೇಲೆ ಮನೆ ಮಾರಿ ದೋಣಿ ಕೊಂಡ. ಮೇವಿಸ್ ಒಲ್ಲದ ಮನಸ್ಸಿನಿಂದಲೇ ತನ್ನ ತಾಯಿಯ ಗೋಡೆ ಗಡಿಯಾರವನ್ನು ಮಗುವಿನಂತೆ ಎದೆಗವಚಿಕೊಂಡು ಹತ್ತಿದಳು. ಅಂದಿನಿಂದ ಆ ದೋಣಿಯೇ ಅವರ ಮನೆ, ಬೇರೆ ಸೂರಿಲ್ಲ.

ಕಾಲುವೆಯ ಮೇಲೆ ಒಂದು ಸನಾತನ ಧರ್ಮವಿದೆ. ಲಾಕ್ ಬಂದಾಗ ಗಂಡ ಚುಕ್ಕಾಣಿ ಹಿಡಿದು ಚಹಾ ಕುಡಿಯುತ್ತ ನಿಲ್ಲಬೇಕು. ಹೆಂಡತಿ ದಂಡೆಗಿಳಿದು, ಆನೆ ತೂಕದ ಕದವನ್ನು ಬೆನ್ನು ಕೊಟ್ಟು ತಳ್ಳಿ, ಹಿಡಿ ತಿರುಗಿಸಿ ತೂಬು ಎತ್ತಿ, ತೊಟ್ಟಿಯ ನೀರನ್ನು ಬಿಡಬೇಕು. ಯಾಕಪ್ಪಾ ಹೀಗೆ ಎಂದರೆ ಗಂಡಸರೆಲ್ಲರ ಉತ್ತರ ಒಂದೇ: "ಚುಕ್ಕಾಣಿ ಬಲು ಸೂಕ್ಷ್ಮ ಕೆಲಸ." ಸೆಡ್ರಿಕ್ ಇದಕ್ಕೆ ಇನ್ನೊಂದು ಜವಾಬ್ದಾರಿಯನ್ನೂ ಸೇರಿಸಿಕೊಂಡಿದ್ದ. ಅದು ಕಿರುಚುವುದು.

ನಾನು ಅವರನ್ನು ಕಂಡ ದಿನಕ್ಕೆ ಹಿಂದಿನ ಭಾನುವಾರ ಹೆಂಡದಂಗಡಿಯ ಎದುರಿನ ಲಾಕಿನಲ್ಲಿ, ಬಿಸಿಲಿಗೆ ಬಂದು ಕುಳಿತ ಊರೆಲ್ಲ ನೋಡುತ್ತಿರುವಾಗ, ಅವನು ಆ ಜವಾಬ್ದಾರಿಯನ್ನು ನಿರ್ವಹಿಸಿದ.

"ನಾನು ಹೇಳೋಕೆ ಮುಂಚೆ ತೂಬು ಯಾಕೆ ಇಳಿಸ್ದೆ? ಕಿವಿ ಕೇಳ್ಸಲ್ವಾ ನಿಂಗೆ?"

"ಕೇಳ್ಸುತ್ತೆ. ಪಕ್ಕದ ಊರಿಗೂ ಕೇಳ್ಸಿದೆ," ಎಂದಳು ಮೇವಿಸ್. ಹಿಡಿಯನ್ನು ಹುಲ್ಲಿನ ಮೇಲೆ ಇಟ್ಟಳು. ಕೈ ಒರೆಸಿಕೊಂಡಳು. ನೆಟ್ಟಗೆ ಬಸ್ ನಿಲ್ದಾಣಕ್ಕೆ ನಡೆದಳು.

ದೋಣಿಯನ್ನು ತೊಟ್ಟಿಯಲ್ಲೇ ಬಿಟ್ಟು ಸೆಡ್ರಿಕ್ ಹಿಂದೆ ಓಡಿದ.

"ಎಲ್ಲಿಗೆ ಹೊರಟೆ ಮಾರಾಯ್ತಿ?"

"ತಂಗಿ ಮನೆಗೆ. ಅವಳ ಪಕ್ಕದ ಮನೆ ಖಾಲಿ ಇದೆ. ರಾತ್ರಿ ಎಲ್ಲಿ ಮಲಗಿರ್ತೀವೋ ಬೆಳಿಗ್ಗೆ ಅಲ್ಲೇ ಏಳ್ತೀವಿ, ಅಂಥ ಮನೆ."

"ದೋಣಿ ಮಾರೋದು ಅಂದ್ರೆ ನನ್ನ ಪ್ರಾಣ ಮಾರಿದ ಹಾಗೆ, ಮೇವಿಸ್."

"ಹಾಗಾದ್ರೆ ಬಾಯಿ ಮುಚ್ಚೋದು ಕಲಿ. ಇನ್ನೊಂದು ಸಲ ಲಾಕಿನಲ್ಲಿ ನನ್ನ ಮೇಲೆ ಬಾಯಿ ಬಿಟ್ಯೋ, ದೋಣಿ ಮಾರೋದೇ."

"ನೀನೇ ಬಾಯಿ ಬಿಟ್ರೆ?"

"ಆ ಮನೆ ಮಾತು ಈ ಜನ್ಮದಲ್ಲಿ ಎತ್ತಲ್ಲ. ಸಾಕಾ?"

ಹೀಗೆ ಬಸ್ ನಿಲ್ದಾಣದಲ್ಲಿ ಈ ಐತಿಹಾಸಿಕ ಸಂಧಾನವಾಯಿತು. ಸಿಗ್ನಲ್ ಗೂಡಿನ ಸೆಡ್ರಿಕ್‌ಗೆ ಇದು ಹಬ್ಬವೇ ಸರಿ. ಅಂದು ಸಂಜೆಯೇ ಕೈಸನ್ನೆಗಳ ಒಂದು ಶಾಸ್ತ್ರವನ್ನು ರಚಿಸಿದ. ಮೂಗು ಮುಟ್ಟಿದರೆ 'ಸರಿ'. ತಲೆಯ ಮೇಲೆ ಅಂಗೈ ಎಂದರೆ 'ಸಿದ್ಧ'. ಕೈ ಕೊಡವಿದರೆ 'ತೂಬು ಎತ್ತು'. ತೋಳೆತ್ತಿ ಅಂಗೈಯನ್ನು ತನ್ನತ್ತ ಬೀಸಿಕೊಂಡರೆ 'ಮುಂದೆ ಬಾ'. ಕೊನೆಗೊಂದು ಮೂಲಸೂತ್ರ: ಚುಕ್ಕಾಣಿಯವನ ಸನ್ನೆಯಿಲ್ಲದೆ ತೂಬನ್ನು ಎತ್ತಕೂಡದು, ಇಳಿಸಕೂಡದು. ಮೇವಿಸ್ ಎಲ್ಲವನ್ನೂ ಕಲಿತಳು. ಮರೆತವನು ಶಾಸ್ತ್ರಕಾರನೇ.

ಇನ್ನು ಆ ಬೆಳಿಗ್ಗೆಯ ವಿಷಯ. ದೋಣಿ ಮೇಲಿನ ಲಾಕನ್ನು ಸುಸೂತ್ರವಾಗಿ ಇಳಿದು ಕೆಳಗಿನದನ್ನು ಹೊಕ್ಕಿತು. ಲಾಕಿನ ಮೇಲುಕದದ ಬುಡದಲ್ಲಿ ಕಲ್ಲಿನ ಹೊಸ್ತಿಲೊಂದಿರುತ್ತದೆ. ತೊಟ್ಟಿ ತುಂಬಿರುವಾಗ ಅದು ನೀರಿನಡಿ ಅಡಗಿರುತ್ತದೆ. ದೋಣಿಯ ಹಿಂಭಾಗ ಅದರ ಮೇಲಿದ್ದು ನೀರು ಇಳಿದರೆ, ಹಿಂಭಾಗ ಕಲ್ಲಿನ ಮೇಲೆ ಕೂತುಬಿಡುತ್ತದೆ, ಮುಂಭಾಗ ನೀರಿನೊಂದಿಗೆ ಪಾತಾಳಕ್ಕಿಳಿಯುತ್ತದೆ. ಅದಕ್ಕೇ ಗೋಡೆಯ ಮೇಲೆ ಬಿಳಿ ಗೆರೆ ಬಳಿದಿರುತ್ತಾರೆ. ದೋಣಿ ಅದರಿಂದ ಮುಂದೆಯೇ ಇರಬೇಕು. (ಹೊಸ್ತಿಲ ಮೇಲೆ ಕೂರಬೇಡ ಎಂದು ನಮ್ಮಜ್ಜಿ ಗದರುತ್ತಿದ್ದಳು. ಕಾಲುವೆ ಕಾಣದ ಆ ಅಜ್ಜಿಗೆ ಇದು ಹೇಗೆ ತಿಳಿದಿತ್ತೋ!)

ಸೆಡ್ರಿಕ್ ಗೆರೆಯಿಂದ ಮುಂದೆಯೇ ನಿಲ್ಲಿಸಿ ಕೈ ಕೊಡವಿದ. ಮೇವಿಸ್ ಕೆಳಗಿನ ಕದದ ಎರಡು ತೂಬುಗಳನ್ನೂ ಎತ್ತಿದಳು. ನೀರು ಇಳಿಯತೊಡಗಿತು. ಆಗಲೇ ದಂಡೆಯ ಮೇಲೆ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಟೋಪಿಯ ಮುದುಕನೊಬ್ಬ ನಿಂತು, ದೋಣಿಯವರ ಸಂಸಾರವನ್ನು ಮುಳುಗಿಸಬಲ್ಲ ಆ ಪ್ರಶ್ನೆಯನ್ನು ಕೇಳಿದ.

"ಆಹಾ! ಹಳೇ ಕಾಲದ ಇಂಜಿನ್ ಅಲ್ವಾ ಇದು?"

ಇಂಜಿನ್ನಿನ ಬಗ್ಗೆ ಕೇಳಿದರೆ ಉತ್ತರಿಸದ ದೋಣಿಗಾರ ಈ ದೇಶದಲ್ಲಿ ಇನ್ನೂ ಹುಟ್ಟಿಲ್ಲ. ಸೆಡ್ರಿಕ್‌ನ ಮುಖ ಮದುಮಗನ ಮುಖದಂತೆ ಅರಳಿತು.

"ನಮ್ಮಪ್ಪನಷ್ಟು ವಯಸ್ಸಾಗಿದೆ ಸ್ವಾಮಿ ಇದಕ್ಕೆ. ಸದ್ದು ಕೇಳಿ, ಸದ್ದು! ಎದೆ ಬಡಿತದ ಹಾಗಿಲ್ವಾ?"

"ಹಿಂದಕ್ಕೆ ಹಾಕಿದ್ರೆ ಕೆಮ್ಮುತ್ತೇನೋ?"

"ಕೆಮ್ಮೋದಾ? ನೋಡಿ ಬೇಕಾದ್ರೆ!" ಎಂದು ಸೆಡ್ರಿಕ್ ಗೇರನ್ನು ಹಿಂದಕ್ಕೆ ಹಾಕಿದ.

ಇಂಜಿನ್ ಕೆಮ್ಮಲಿಲ್ಲ. ಬೆಣ್ಣೆಯಂತೆ ನಡೆಯಿತು. ದೋಣಿಯೂ ಬೆಣ್ಣೆಯಂತೆ ಹಿಂದೆ ಜಾರಿ ಬಿಳಿ ಗೆರೆಯನ್ನು ದಾಟಿತು.

ಮೇವಿಸ್ ನೋಡಿದಳು. ತೋಳೆತ್ತಿ ಅಂಗೈಯನ್ನು ತನ್ನತ್ತ ಬೀಸಿಕೊಂಡಳು: ಮುಂದೆ ಬಾ.

"ನಿಮ್ಮ ಮನೆಯವ್ರು ಏನೋ ಕರೀತಿದಾರೆ," ಎಂದ ಟೋಪಿಯವನು.

ಸೆಡ್ರಿಕ್ ತಿರುಗಿ ನೋಡಿದ. ಹೆಂಡತಿ ಅಷ್ಟು ಪ್ರೀತಿಯಿಂದ ಕೈ ಬೀಸಿ ಎಷ್ಟು ವರ್ಷವಾಗಿತ್ತು! "ಅದು ನಮ್ಮ ಸನ್ನೆಭಾಷೆ. ಎಲ್ಲಾ ಸರಿಯಿದೆ ಅಂತಿದಾಳೆ," ಎಂದು ತಾನೂ ನಗುತ್ತ ಕೈ ಬೀಸಿದ.

ಅವಳು ಎರಡೂ ತೋಳುಗಳಿಂದ ಬೀಸಿದಳು. ಅವನೂ ಎರಡೂ ತೋಳುಗಳಿಂದ ಬೀಸಿದ. ಅವಳು ತೂಬನ್ನು ತೋರಿಸಿದಳು. ಇಳಿಸಲು ಅಪ್ಪಣೆ ಬೇಕಲ್ಲ! ಅಷ್ಟರಲ್ಲಿ ಅವನು ಟೋಪಿಯವನಿಗೆ ಹಿತ್ತಾಳೆಯ ಎಣ್ಣೆಬಟ್ಟಲನ್ನು ತೋರಿಸುತ್ತಿದ್ದ. ಖಾಲಿ ಮನೆ, ಅಲುಗದ ಅಡುಗೆಮನೆ, ಪಕ್ಕದಲ್ಲೇ ತಂಗಿ: ಎಲ್ಲವೂ ತನ್ನ ನಾಲಿಗೆಯ ತುದಿಯಲ್ಲಿ ನಿಂತಿರುವುದನ್ನು ಮೇವಿಸ್ ಒಂದು ಕ್ಷಣ ನೋಡಿಕೊಂಡಳು. ಆಮೇಲೆ ಬಾಯಿ ಬಿಟ್ಟಳು.

"ಸೆಡ್ರಿಕ್! ಹೊಸ್ತಿಲು! ಮುಂದೆ ಬಾರೋ, ಹೊಸ್ತಿಲು!"

ಆಗಲೂ ಸಮಯವಿತ್ತು. ಗೇರನ್ನು ಮುಂದಕ್ಕೆ ತಳ್ಳಿದ್ದರೆ ಸಾಕಿತ್ತು. ಸೆಡ್ರಿಕ್ ಮಾತ್ರ ಚುಕ್ಕಾಣಿ ಬಿಟ್ಟು ಎರಡೂ ಕೈಗಳನ್ನು ಆಕಾಶಕ್ಕೆತ್ತಿ ಕುಣಿದ.

"ಮಾತಾಡ್ದೆ! ನೀನೇ ಮೊದ್ಲು ಮಾತಾಡ್ದೆ! ಕೇಳಿದ್ರಲ್ಲ ಸ್ವಾಮಿ, ನೀವೇ ಸಾಕ್ಷಿ! ದೋಣಿ ನಂದೇ!"

ಕಾಲ ಕೆಳಗೆ ದೋಣಿಯ ಕಬ್ಬಿಣದ ತಳ ನರಳಿತು.

ಮೇವಿಸ್ ಅಪ್ಪಣೆಗೆ ಕಾಯದೆ ಒಂದು ತೂಬನ್ನು ಬೀಳಿಸಿ, ಇನ್ನೊಂದರತ್ತ ಕದದ ಮೇಲೆಯೇ ಓಡಿದಳು. ಅಷ್ಟರಲ್ಲಿ ದೋಣಿಯ ಮುಂಭಾಗ ನೀರಿಗೆ ಬಾಗಿಲು ತೆರೆದಿತ್ತು. ಒಳಗೆ ತಟ್ಟೆಗಳೆಲ್ಲ ಒಂದರ ಹಿಂದೊಂದು ಉರುಳುವ ಸದ್ದು ಕೇಳಿಸಿತು. ಕಪಾಟು ಬಿದ್ದ ಸದ್ದು. ಕೊನೆಗೆ ಗಡಿಯಾರ ಒಂದೇ ಒಂದು ಸಲ ಹೊಡೆದ ಸದ್ದು. ಮೇಲೆದ್ದ ಹಿಂತುದಿಯಿಂದ ಸೆಡ್ರಿಕ್ ಕೈಗೆ ಸಿಕ್ಕದ್ದನ್ನು ಎತ್ತಿಕೊಂಡು ದಂಡೆಗೆ ಹಾರಿದ. ಟೋಪಿಯವನು ಕೊರಳಪಟ್ಟಿ ಹಿಡಿದು ಎಳೆದುಕೊಂಡ. ಇಂಜಿನ್ ಎರಡು ಸಲ ಕೆಮ್ಮಿ (ಆಗ ಮಾತ್ರ ಕೆಮ್ಮಿತು) ಸುಮ್ಮನಾಯಿತು.

ತೊಟ್ಟಿಯಲ್ಲಿ ಮೇವಿಸ್‌ಳ ದಿಂಬೊಂದು ತೇಲುತ್ತಿತ್ತು. ಟೋಪಿಯವನು ಆಕಾಶ ನೋಡಿ, "ಪುಣ್ಯಕ್ಕೆ ಮಳೆಯಾದ್ರೂ ಬರ್ಲಿಲ್ಲ," ಎಂದ. ಹಿಂದೆ ಸರದಿಯಲ್ಲಿದ್ದ ದೋಣಿಯವರು ಇಬ್ಬರಿಗೂ ಚಹಾ ತಂದುಕೊಟ್ಟರು.

"ಅಮ್ಮನ ಗಡಿಯಾರ?" ಎಂದು ಮೇವಿಸ್ ಕೇಳಿದಳು.

ಸೆಡ್ರಿಕ್ ಮುಷ್ಟಿ ಬಿಚ್ಚಿದ. ಹಿತ್ತಾಳೆ ಉಜ್ಜುವ ಪಾಲಿಶ್ ಡಬ್ಬಿ.

ಅವಳು ಅದನ್ನು ನೋಡಿದಳು. ಚಹಾ ಮುಗಿಸಿ ಬಟ್ಟಲನ್ನು ವಂದನೆಯೊಂದಿಗೆ ಹಿಂದಿರುಗಿಸಿದಳು. "ಸರಿ ಕಣಪ್ಪ, ನೀನೇ ಗೆದ್ದೆ. ಕೊಟ್ಟ ಮಾತಿಗೆ ತಪ್ಪೋಳಲ್ಲ ನಾನು. ಆ ಮನೆ ಮಾತು ಇನ್ನು ಎತ್ತಲ್ಲ," ಎಂದಳು. ಬಸ್ ನಿಲ್ದಾಣದತ್ತ ನಡೆದಳು. ಈ ಸಲವೂ ಅವನು ಹಿಂದೆ ಓಡಬೇಕಿತ್ತು. ಆದರೆ ಅವನ ಒಂದು ಶೂ ದೋಣಿಯಲ್ಲಿತ್ತು.

ಮೇವಿಸ್ ನಿಜಕ್ಕೂ ಮಾತು ಉಳಿಸಿಕೊಂಡಿದ್ದಾಳೆ. ಆ ಮನೆಯ ಬಗ್ಗೆ ಅವನೆದುರು ಒಂದಕ್ಷರ ಆಡಿಲ್ಲ. ಅಲ್ಲಿ ವಾಸವಾಗಿದ್ದಾಳೆ, ಅಷ್ಟೆ.

ದೋಣಿಯನ್ನು ಎತ್ತಿ, ನಮ್ಮ ಮನೆಯ ಹಿಂದಿನ ಅಂಗಳದಲ್ಲಿ ಮರದ ದಿಮ್ಮಿಗಳ ಮೇಲೆ ಕೂರಿಸಿದ್ದಾರೆ. ಒಣನೆಲ, ಅಲುಗುವುದಿಲ್ಲ. ಸೆಡ್ರಿಕ್ ಅದರಲ್ಲೇ ಇದ್ದಾನೆ. ಹಗಲೆಲ್ಲ ತುಕ್ಕು ಕೆರೆಯುತ್ತಾನೆ, ಬೇಸರವಾದಾಗ ಓಡದ ಇಂಜಿನ್ನಿನ ಹಿತ್ತಾಳೆ ಉಜ್ಜುತ್ತಾನೆ. ಭಾನುವಾರ ಮೇವಿಸ್ ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ಮಾಂಸದ ಕಡುಬು ತರುತ್ತಾಳೆ. ಏಣಿ ಹತ್ತುವುದಿಲ್ಲ, ಹುಲ್ಲಿನ ಮೇಲೆಯೇ ಕುರ್ಚಿ ಹಾಕಿಕೊಳ್ಳುತ್ತಾಳೆ. ಹವಾಮಾನದ ಬಗ್ಗೆ ಇಬ್ಬರೂ ಚೆನ್ನಾಗಿಯೇ ಮಾತಾಡುತ್ತಾರೆ.

ಸಂಜೆ ಬಸ್ಸು ಹೊರಡುವಾಗ ಸೆಡ್ರಿಕ್ ದೋಣಿಯ ಹಿಂತುದಿಯಲ್ಲಿ ನಿಂತು ತೋಳೆತ್ತಿ ಅಂಗೈಯನ್ನು ತನ್ನತ್ತ ಬೀಸಿಕೊಳ್ಳುತ್ತಾನೆ. ಶಾಸ್ತ್ರದಲ್ಲಿ ಈಗ ಅವನಿಗೆ ನೆನಪಿರುವುದು ಆ ಸನ್ನೆ ಒಂದೇ. ಮೊದಲು ಒಂದು ಕೈ, ಆಮೇಲೆ ಎರಡೂ ಕೈ.

ಕಿಟಕಿಯಿಂದ ಮೇವಿಸ್ ನಗುತ್ತ, ಎರಡೂ ಕೈ ಬೀಸುತ್ತಾಳೆ. ಬಸ್ಸು ಹೋಗುತ್ತದೆ.